ಸೈರನ್ ಕೂಗಿದಾಗ ಅಜ್ಜಿಯನ್ನೂ ಕರೆದುಕೊಂಡು ಮಮಾದ್ (ಮನೆಯೊಳಗಿನ ರಕ್ಷಣಾ ಕೋಣೆ) ಸೇರುವುದು ಹೇಗೆ? ಇಸ್ರೇಲ್‌ನಲ್ಲಿರುವ ಕೇರ್‌ಗಿವರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಅಕ್ಕಾ, ನಮ್ಮ ಊರಿಗೆ ಎಷ್ಟು ಸೆಕೆಂಡ್?" ಸೈರನ್ ಕೂಗಿದ ಮೇಲೆ ಅಡಗುವ ಜಾಗ ಸೇರಲು ಸಿಗುವ ಸಮಯ ಅದು, ಕೆಲಸದ ಊರಿನ ಲೆಕ್ಕ. ಟೆಲ್ ಅವೀವ್ ಅಂದರೆ 90 ಎಂದು ಹೇಳುತ್ತೇನೆ. ಸದ್ಯ, ಸಾಕಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಆ 90 ಸೆಕೆಂಡ್ ತನ್ನ ಕಾಲ ಮೇಲೆ ತಾನು ನಡೆಯುವವರ ಲೆಕ್ಕ. ನಮ್ಮ ಜೊತೆ ಇರುವುದು ಮಂಚದಿಂದ ಏಳಲು ಎರಡು ನಿಮಿಷ ಬೇಕಾಗುವ ಅಜ್ಜಿ.

ಎಡವುವುದು ಇಲ್ಲೇ. ಸೈರನ್ ಕೂಗಿದ ಮೇಲೆ ಏನು ಮಾಡಬೇಕು ಎಂದು ಎಲ್ಲರೂ ಕಲಿತಿರುತ್ತಾರೆ, ಅದಕ್ಕೆ ಮುಂಚೆ ಆಗಬೇಕಾದ ಕೆಲಸ ಯಾವುದೂ ಆಗಿರುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರು ಹಂತ ಮುಗಿಯದೆ ಉಳಿದವು ಕೆಲಸಕ್ಕೆ ಬರುವುದಿಲ್ಲ.

ಕೈಗೆ ಸಿಗುವಂತೆ ಇರಬೇಕಾದವು: ಟಾರ್ಚ್, ಪವರ್ ಬ್ಯಾಂಕ್, ಅಳತೆ ಟೇಪು, ಗಟ್ಟಿ ಬೆಡ್‌ಶೀಟ್ ಒಂದು, ಹಿಮ್ಮಡಿ ಮುಚ್ಚುವ ಚಪ್ಪಲಿ ಇಬ್ಬರಿಗೂ, ನೀರು, ಔಷಧಿ ಡಬ್ಬಿ, ಡಯಾಪರ್, ಬ್ಯಾಟರಿ ಹಾಕುವ ಸಣ್ಣ ರೇಡಿಯೋ.

ಹಂತ 1: ಹೋದ ದಿನವೇ ಮನೆ ನೋಡಿಕೊಳ್ಳಿ

ಅಡುಗೆಮನೆ ಎಲ್ಲಿ, ಔಷಧಿ ಎಲ್ಲಿ ಎಂದು ಮನೆಯವರು ತೋರಿಸುತ್ತಾರೆ. ಅಡಗುವ ಜಾಗ ಯಾವುದು ಎಂದು ನೀವೇ ಕೇಳಬೇಕು. ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ.

ಮನೆಯೊಳಗೇ ಕಾಂಕ್ರೀಟ್ ಗೋಡೆಯ, ಉಕ್ಕಿನ ಬಾಗಿಲಿನ ಕೋಣೆ ಇದ್ದರೆ ಅದು ಮಮಾದ್. 1991ರ ಕೊಲ್ಲಿ ಯುದ್ಧದ ನಂತರ ಬಂದ ಕಾನೂನಿನಿಂದಾಗಿ ಹೊಸ ಮನೆಗಳಲ್ಲಿ ಇದು ಇರುತ್ತದೆ. ಒಂದು ಮಹಡಿಯವರೆಲ್ಲ ಸೇರಿ ಬಳಸುವ ಕೋಣೆಯಾದರೆ ಮಮಾಕ್. ಕಟ್ಟಡದ ಕೆಳಗೋ ಬೀದಿಯಲ್ಲೋ ಇರುವ ನೆಲಮಾಳಿಗೆಯಾದರೆ ಮಿಕ್ಲಾತ್. ಹಳೆಯ ಕಟ್ಟಡಗಳಲ್ಲಿ ಹಲವೆಡೆ ಮೂರೂ ಇಲ್ಲ. ಆಗ ಕಿಟಕಿಯಿಲ್ಲದ ಒಳಗಿನ ಮೆಟ್ಟಿಲ ಜಾಗವೇ ಗತಿ. ಮೂರಕ್ಕಿಂತ ಹೆಚ್ಚು ಮಹಡಿಯಿದ್ದರೆ ನಿಮ್ಮ ತಲೆಯ ಮೇಲೆ ಕನಿಷ್ಠ ಎರಡು ಮಹಡಿ ಇರುವ ಕಡೆ ಕುಳಿತುಕೊಳ್ಳಿ. ತೀರಾ ಕೆಳಗಿನ ಬಾಗಿಲ ಹತ್ತಿರ ಬೇಡ.

ಮಮಾದ್ ಇದ್ದರೆ ಒಳಗೆ ಹೋಗಿ ಎಲ್ಲವನ್ನೂ ಒಮ್ಮೆ ಮಾಡಿ ನೋಡಿ. ಕಿಟಕಿಯ ಉಕ್ಕಿನ ಹಲಗೆ ಗೋಡೆಯೊಳಗಿನಿಂದ ಜಾರಿ ಬರುತ್ತದೆ. ವರ್ಷಗಟ್ಟಲೆ ಎಳೆಯದಿದ್ದರೆ ಕಚ್ಚಿಕೊಂಡಿರುತ್ತದೆ. ಬಾಗಿಲು ಭಾರ, ಹೊರಗಡೆಗೆ ತೆರೆಯುತ್ತದೆ, ಹಿಡಿಕೆಯನ್ನು ಪೂರ್ತಿ ತಿರುಗಿಸದಿದ್ದರೆ ಮುಚ್ಚಿದಂತೆ ಕಂಡರೂ ಮುಚ್ಚಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೊಸ್ತಿಲು ನೆಲಕ್ಕಿಂತ ಎತ್ತರ. ನಮಗೆ ಅದು ಏನೂ ಅಲ್ಲ, ವೀಲ್‌ಚೇರ್‌ನ ಮುಂದಿನ ಪುಟ್ಟ ಚಕ್ರ ಅಲ್ಲಿ ಸಿಕ್ಕಿಕೊಂಡರೆ ಅಜ್ಜಿ ಮುಗ್ಗರಿಸುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ರಬ್ಬರ್ ಇಳಿಜಾರು ಪಟ್ಟಿ ಸಿಗುತ್ತದೆ, ಮನೆಯವರಿಗೆ ಹೇಳಿ ತರಿಸಿ. ಬರುವ ತನಕ ವೀಲ್‌ಚೇರನ್ನು ಹಿಂದು ಮುಂದಾಗಿ ತಿರುಗಿಸಿ, ದೊಡ್ಡ ಚಕ್ರ ಮೊದಲು ದಾಟುವ ಹಾಗೆ ಎಳೆಯಿರಿ.

ಎಚ್ಚರಿಕೆಯ ಸೂಚನೆ: ಮಮಾದ್ ತುಂಬ ಇಸ್ತ್ರಿ ಮೇಜು, ಸೂಟ್‌ಕೇಸ್, ಮೊಮ್ಮಗನ ಸೈಕಲ್ ಇದ್ದರೆ ಆ ಮನೆಯಲ್ಲಿ ಮಮಾದ್ ಇಲ್ಲವೆಂದೇ ತಿಳಿಯಿರಿ. ನಾನು ಮೊದಲು ಕೆಲಸ ಮಾಡಿದ ಮನೆಯಲ್ಲಿ ಹಾಗೇ ಇತ್ತು. "ನಾಳೆ ತೆಗೆಯುತ್ತೇವೆ" ಎಂದರು, ನಾನೂ ನಾಚಿಕೊಂಡು ಸುಮ್ಮನಿದ್ದೆ. ಮೊದಲ ಸೈರನ್‌ಗೆ ಅಜ್ಜಿಯನ್ನು ಬಾಗಿಲಲ್ಲಿ ನಿಲ್ಲಿಸಿ ಡಬ್ಬಗಳನ್ನು ಹೊರಗೆ ಎಸೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಹಂತ 2: ಗಡಿಯಾರ ಹಿಡಿದು ಅಳೆಯಿರಿ

ಊರೂರಿಗೆ ಸಮಯ ಬೇರೆ. ಗಾಜಾ ಪಕ್ಕದ ಸ್ದೆರೋತ್‌ನಲ್ಲಿ 15 ಸೆಕೆಂಡ್, ಅಶ್ಕೆಲೋನ್‌ನಲ್ಲಿ 30, ಅಶ್ದೋದ್‌ನಲ್ಲಿ 45, ಹೈಫಾದಲ್ಲಿ 60, ಟೆಲ್ ಅವೀವ್ ಮತ್ತು ಜೆರುಸಲೇಮ್‌ನಲ್ಲಿ 90. ಲೆಬನಾನ್ ಗಡಿಗೆ ಅಂಟಿಕೊಂಡ ಮೆತುಲಾದಂಥ ಊರಲ್ಲಿ "ತಕ್ಷಣ" ಎಂದೇ ಇರುತ್ತದೆ. ಈ ಅಂಕಿಗಳು ಬದಲಾಗುವುದುಂಟು. ಪಿಕುದ್ ಹಾಓರೆಫ್ ಅಂದರೆ ಇಲ್ಲಿನ ನಾಗರಿಕ ರಕ್ಷಣಾ ಪಡೆಯ ಆ್ಯಪ್‌ನಲ್ಲಿ ನಿಮ್ಮ ಊರಿನ ಹೆಸರು ಹಾಕಿ ನೋಡಿಕೊಳ್ಳಿ.

ಈಗ ನಿಮ್ಮ ಸಮಯ. ಹಗಲಲ್ಲಿ, ಅಜ್ಜಿ ಸಮಾಧಾನವಾಗಿರುವಾಗ ಫೋನಿನ ಸ್ಟಾಪ್‌ವಾಚ್ ಒತ್ತಿ. ಮಂಚದಿಂದ ಎಬ್ಬಿಸಿ, ಕಾಲಿಗೆ ಚಪ್ಪಲಿ ಹಾಕಿ, ವೀಲ್‌ಚೇರ್‌ಗೆ ಕೂರಿಸಿ, ಒಳಗೆ ಕರೆದೊಯ್ದು, ಬಾಗಿಲ ಹಿಡಿಕೆ ತಿರುಗಿಸುವವರೆಗೆ ಅಳೆಯಿರಿ. ಅರ್ಧಕ್ಕೆ ನಿಲ್ಲಿಸಬೇಡಿ. ಮೂರು ಸಲ ಮಾಡಿ: ಮಂಚದಿಂದ, ಟಾಯ್ಲೆಟ್‌ನಿಂದ, ಊಟದ ಮೇಜಿನಿಂದ. ನನಗೆ ಮಂಚದಿಂದ ಬಂದದ್ದು 2 ನಿಮಿಷ 40 ಸೆಕೆಂಡ್. ರಾತ್ರಿ ನಿದ್ದೆಗಣ್ಣಲ್ಲಿ ಇನ್ನೂ ಹೆಚ್ಚೇ ಆಗುತ್ತದೆ.

ನಿಮ್ಮ ಸಮಯ ಊರಿನ ಸಮಯಕ್ಕಿಂತ ಕಡಿಮೆ ಬಂದರೆ ಮೂರನೆಯ ಹಂತ ಓದಿಯೂ ಮಾಡದೆ ಬಿಡಬಹುದು. ಹೆಚ್ಚು ಬಂದರೆ "ಇನ್ನಷ್ಟು ಬೇಗ ಮಾಡುತ್ತೇನೆ" ಎಂಬ ಯೋಚನೆ ಬಿಟ್ಟುಬಿಡಿ. ಅವಸರದಲ್ಲಿ ಎತ್ತಿದಾಗಲೇ ಅಜ್ಜಿಯ ಸೊಂಟ ಮುರಿಯುವುದು, ನಮ್ಮ ಬೆನ್ನು ಹೋಗುವುದು. ದೂರವನ್ನೇ ಕಡಿಮೆ ಮಾಡಬೇಕು.

ಹಂತ 3: ಮಂಚವನ್ನೇ ಒಳಗೆ ಸಾಗಿಸಿ

ಅಜ್ಜಿ ಮಲಗುವುದೇ ಮಮಾದ್‌ನಲ್ಲಾದರೆ ರಾತ್ರಿಯ ಕೆಲಸ ಬಾಗಿಲು ಮುಚ್ಚುವುದಷ್ಟೇ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡುವುದಿದ್ದರೆ ಇದನ್ನು ಮಾಡಿ.

ಬಾಗಿಲಿನ ಅಗಲ ಅಳೆದು, ಆಮೇಲೆ ಮಂಚ ಅಳೆಯಿರಿ. ಆಸ್ಪತ್ರೆ ಮಾದರಿಯ ವಿದ್ಯುತ್ ಮಂಚ ಇಡಿಯಾಗಿ ಒಳಗೆ ಹೋಗುವುದು ಅಪರೂಪ, ಬಿಚ್ಚಿ ಜೋಡಿಸಬೇಕು. ಬಿಚ್ಚುವುದನ್ನು ಮಂಚ ಕೊಟ್ಟ ಅಂಗಡಿಯವರಿಂದಲೇ ಮಾಡಿಸಿ. ಮಂಚದ ಎರಡೂ ಬದಿ ಜಾಗ ಸಿಗದಿದ್ದರೆ, ನೀವು ನಿಂತು ಡಯಾಪರ್ ಬದಲಿಸುವ ಬದಿಗಾದರೂ ಜಾಗ ಬಿಡಿ. ಆಕ್ಸಿಜನ್ ಯಂತ್ರವೋ ಗಾಳಿ ತುಂಬುವ ಹಾಸಿಗೆಯೋ ಇದ್ದರೆ ಪ್ಲಗ್ ಪಾಯಿಂಟ್ ಒಳಗೇ ಇರಬೇಕು. ಬಾಗಿಲ ಸಂದಿನಲ್ಲಿ ಎಕ್ಸ್‌ಟೆನ್ಷನ್ ವೈರು ಹಾಯಿಸಿದರೆ ಬಾಗಿಲು ಮುಚ್ಚುವುದಿಲ್ಲ. ಇದು ನಾನು ಕಂಡ ಅತಿ ಸಾಮಾನ್ಯ ತಪ್ಪು.

ನಿಮ್ಮ ಹಾಸಿಗೆಯೂ ಅಲ್ಲೇ ಇರಲಿ, ನೆಲದ ಮೇಲಾದರೂ ಸರಿ. "ನನ್ನ ಕೋಣೆ ಬೇರೆ ಇದೆ" ಎಂಬ ಆಸೆ ನನಗೂ ಇತ್ತು. ಇಡೀ ದಿನ ದುಡಿದವರಿಗೆ ರಾತ್ರಿ ಒಂದು ಬಾಗಿಲು ಹಾಕಿಕೊಳ್ಳುವ ಹಕ್ಕು ಬೇಕೇ ಬೇಕು. ಪರಿಸ್ಥಿತಿ ಬಿಗಿಯಾಗಿರುವ ವಾರಗಳಲ್ಲಿ ಮಾತ್ರ ಅದನ್ನು ಬದಿಗಿಡಿ, ತಿಳಿಯಾದ ಮೇಲೆ ನಿಮ್ಮ ಕೋಣೆಗೆ ವಾಪಸ್ ಹೋಗಿ.

ಮಂಚ ಹೋಗದಿದ್ದರೆ ಒರಗುವ ಕುರ್ಚಿಯೊಂದನ್ನು ಒಳಗಿಟ್ಟು, ಅಪಾಯದ ದಿನಗಳಲ್ಲಿ ಅಜ್ಜಿಯನ್ನು ಹಗಲೂ ಅಲ್ಲೇ ಕೂರಿಸಿ. ಇನ್ನೊಂದು ಉಪಾಯ ಬೆಡ್‌ಶೀಟ್: ಗಟ್ಟಿ ಚಾದರವನ್ನು ಮಲಗುವಾಗಲೇ ಅವರ ಅಡಿ ಹಾಸಿರಬೇಕು. ತಲೆಯ ಕಡೆಯಿಂದ ಹಿಡಿದು ನೆಲದ ಮೇಲೆ ಎಳೆದೊಯ್ಯಬಹುದು. ಆದರೆ ಮಂಚದಿಂದ ನೆಲಕ್ಕೆ ಇಳಿಸುವಾಗ ಇಬ್ಬರು ಬೇಕು. ಒಬ್ಬರೇ ಪ್ರಯತ್ನಿಸಬೇಡಿ.

ಹಂತ 4: ಮನೆಯವರ ಜೊತೆ ಕಷ್ಟದ ಮಾತನ್ನು ಮೊದಲೇ ಆಡಿ

ಮಮಾದ್ ಇಲ್ಲ, ಮಿಕ್ಲಾತ್ ಮೂರು ಮಹಡಿ ಕೆಳಗೆ, ಅಜ್ಜಿ ಏಳಲಾರರು. ಸೈರನ್ ಆಗುವಾಗ ಲಿಫ್ಟ್ ಹತ್ತುವಂತಿಲ್ಲ. ಆಗ ನೀವು ಓಡಬೇಕೇ, ಅವರ ಜೊತೆ ಇರಬೇಕೇ?

2021ರ ಮೇ ತಿಂಗಳಲ್ಲಿ ಅಶ್ಕೆಲೋನ್‌ನಲ್ಲಿ ಕೇರಳದ ಕೇರ್‌ಗಿವರ್ ಒಬ್ಬರು ರಾಕೆಟ್ ಬಿದ್ದು ತೀರಿಕೊಂಡರು. ಊರಿನಲ್ಲಿದ್ದ ಗಂಡನ ಜೊತೆ ವಿಡಿಯೋ ಕಾಲ್‌ನಲ್ಲಿದ್ದರು. ಅವರ ಮನೆಯಲ್ಲಿ ರಕ್ಷಣಾ ಕೋಣೆ ಇರಲಿಲ್ಲ. ಆ ಸುದ್ದಿ ಕೇಳಿದ ರಾತ್ರಿ ನಮ್ಮಲ್ಲಿ ಯಾರೂ ಮಲಗಲಿಲ್ಲ. ಅದನ್ನು ನೆನೆದೇ ಹೇಳುತ್ತೇನೆ: ಈ ಪ್ರಶ್ನೆಗೆ ಸೈರನ್ ಕೂಗಿದ ಮೇಲೆ ಉತ್ತರ ಹುಡುಕುವಂತಾಗಬಾರದು.

ಮಗನನ್ನೋ ಮಗಳನ್ನೋ ಎದುರು ಕೂರಿಸಿಕೊಂಡು ಅಳೆದ ಸಮಯ ತೋರಿಸಿ. "ನನಗೆ ಭಯ" ಎಂದರೆ ಸಮಾಧಾನ ಹೇಳಿ ಕಳಿಸುತ್ತಾರೆ. "ನಮ್ಮ ಮನೆಗೆ 30 ಸೆಕೆಂಡ್, ಅಮ್ಮನಿಗೆ ಬೇಕಾಗುವುದು 160 ಸೆಕೆಂಡ್" ಎಂದರೆ ಕೇಳಿಸಿಕೊಳ್ಳುತ್ತಾರೆ. ಮೂರು ದಾರಿಗಳನ್ನು ಮುಂದಿಡಿ: ಕೆಲ ವಾರ ಮಮಾದ್ ಇರುವ ಬಂಧುಗಳ ಮನೆಗೆ ಹೋಗುವುದು; ಪಕ್ಕದ ಮನೆಯ ಮಮಾದ್‌ನಲ್ಲಿ ರಾತ್ರಿ ಮಲಗಲು ಕೇಳುವುದು; ಎರಡೂ ಆಗದಿದ್ದರೆ ಕಿಟಕಿ, ಹೊರಗೋಡೆಗಳಿಂದ ದೂರದ ಒಳಕೋಣೆಗೆ ಅಜ್ಜಿಯ ಮಂಚ ತರುವುದು. ಮಾತಾದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ. ಉತ್ತರ ಬರದಿದ್ದರೆ ಅದೇ ಸಂದೇಶವನ್ನು ಲಿಷ್ಕಾದ, ಅಂದರೆ ನಮ್ಮನ್ನು ಕೆಲಸಕ್ಕೆ ಹಚ್ಚಿದ ಏಜೆನ್ಸಿಯ, ಸೋಷಿಯಲ್ ವರ್ಕರ್‌ಗೆ ಕಳಿಸಿ. ಅಲ್ಲೂ ಕೇಳುವವರಿಲ್ಲದಿದ್ದರೆ ಕಾರ್ಮಿಕರ ಪರ ಕೆಲಸ ಮಾಡುವ ಕಾವ್ ಲಾಓವೆದ್ ಸಂಸ್ಥೆ ಇದೆ.

ನನ್ನ ಮಾತು ಕೇಳುವುದಾದರೆ, ನಾನು ಅಜ್ಜಿಯನ್ನು ಬಿಟ್ಟು ಓಡಲಾರೆ. ಆದರೆ ಊರಲ್ಲಿ ಎರಡು ಮಕ್ಕಳನ್ನು ಬಿಟ್ಟು ಬಂದ ತಂಗಿ ಒಬ್ಬಳು "ನಾನು ಕೆಳಗೆ ಓಡುತ್ತೇನೆ ಅಕ್ಕಾ" ಎಂದರೆ ಅವಳನ್ನು ತಪ್ಪು ಎನ್ನುವುದಿಲ್ಲ. ಅದನ್ನು ಅವಳು ಮನೆಯವರಿಗೆ ಮೊದಲೇ ಹೇಳಿರಬೇಕು, ಅಷ್ಟೆ.

ಹಂತ 5: ಫೋನ್ ಸರಿಮಾಡಿಕೊಳ್ಳಿ

ಪಿಕುದ್ ಹಾಓರೆಫ್ ಆ್ಯಪ್‌ನಲ್ಲಿ ಕನ್ನಡ ಇಲ್ಲ, ಇಂಗ್ಲಿಷ್ ಇದೆ. "ನಾನಿರುವ ಜಾಗ" ಎಂಬುದೊಂದನ್ನೇ ನಂಬಬೇಡಿ. ಯುದ್ಧದ ದಿನಗಳಲ್ಲಿ ಇಲ್ಲಿ ಜಿಪಿಎಸ್ ಕೆಡಿಸುತ್ತಾರೆ. 2024ರಲ್ಲಿ ಎಷ್ಟೋ ಸಲ ನಮ್ಮ ಮ್ಯಾಪ್ ನಾವು ಲೆಬನಾನ್‌ನ ಬೈರೂತ್‌ನಲ್ಲಿದ್ದೇವೆ ಎಂದು ತೋರಿಸುತ್ತಿತ್ತು. ಮನೆಯ ಊರು, ರಜೆ ದಿನ ಹೋಗುವ ಊರು, ಎರಡನ್ನೂ ಕೈಯಾರೆ ಸೇರಿಸಿ. ಸೈಲೆಂಟ್‌ನಲ್ಲಿದ್ದರೂ ಎಚ್ಚರಿಕೆ ಬಡಿದುಕೊಳ್ಳುವಂತೆ ಅನುಮತಿ ಕೊಡಿ, ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಈ ಆ್ಯಪ್ ಅನ್ನು ಹೊರಗಿಡಿ.

ಶಬ್ಬಾತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ಕಟ್ಟುನಿಟ್ಟಾಗಿ ಪಾಲಿಸುವ ಮನೆಯಲ್ಲಿ ಶುಕ್ರವಾರ ಸಂಜೆಯಿಂದ ಟಿವಿ, ಫೋನ್ ಮುಟ್ಟುವುದಿಲ್ಲ. ಅಂಥವರಿಗಾಗಿ ರೇಡಿಯೋದಲ್ಲಿ "ಮೌನ ತರಂಗ" ಇದೆ. ಎಚ್ಚರಿಕೆ ಬಂದಾಗ ಮಾತ್ರ ಅದು ಮಾತಾಡುತ್ತದೆ. ಸೂರ್ಯ ಮುಳುಗುವ ಮೊದಲೇ ಹಚ್ಚಿಟ್ಟುಬಿಡಿ.

ಬಾಯಿಪಾಠ ಮಾಡಬೇಕಾದ ನಂಬರುಗಳು ನಾಲ್ಕು: 100 ಪೊಲೀಸ್, 101 ಆಂಬುಲೆನ್ಸ್, 102 ಅಗ್ನಿಶಾಮಕ, 104 ಪಿಕುದ್ ಹಾಓರೆಫ್.

ಸದ್ದಿನ ವ್ಯತ್ಯಾಸವೂ ಗೊತ್ತಿರಲಿ. ಏರಿಳಿಯುತ್ತಾ ಕೂಗಿದರೆ ಅಪಾಯ. ವಸಂತದಲ್ಲಿ ಬರುವ ಸ್ಮರಣೆಯ ದಿನಗಳಲ್ಲಿ ಒಂದೇ ಸಮನೆ ಕೂಗುತ್ತದೆ. ಆಗ ಬೀದಿಯಲ್ಲಿ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ.

ಹಂತ 6: ದಿನಚರಿಯನ್ನು ಸೈರನ್‌ಗೆ ಹೊಂದಿಸಿ

ಸ್ನಾನವೇ ಅತ್ಯಂತ ಕಷ್ಟದ ಹೊತ್ತು. ಅಜ್ಜಿ ಒದ್ದೆ, ನೆಲ ಜಾರುತ್ತದೆ. ತುಸು ಹೊತ್ತಿಗೆ ಮುಂಚೆ ಸೈರನ್ ಆಗಿದ್ದರೆ ಅಥವಾ ಮುನ್ನೆಚ್ಚರಿಕೆ ಬಂದಿದ್ದರೆ ಆ ದಿನ ಸ್ನಾನ ಬೇಡ, ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಸ್ನಾನ ಮಾಡಿಸುವುದಾದರೆ ದಪ್ಪ ಟವೆಲ್‌ನ ನಿಲುವಂಗಿ ಬಾಗಿಲಿಗೇ ತೂಗುಹಾಕಿರಲಿ, ಚಿಲಕ ಹಾಕಬೇಡಿ. ನಿಮ್ಮ ಸ್ನಾನಕ್ಕೆ ಹೋಗುವ ಮೊದಲು ಅಜ್ಜಿಯನ್ನು ಮಮಾದ್ ಒಳಗೆ ಕೂರಿಸಿ.

ಒಗ್ಗರಣೆ ಇಟ್ಟು ಓಡಿದವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಸದ್ದು ಕೇಳಿದೊಡನೆ ಮೊದಲು ಕೈ ಹೋಗಬೇಕಾದ್ದು ಒಲೆಯ ತಿರುಗಣಿಗೆ. ಎಣ್ಣೆಯಲ್ಲಿ ಕರಿಯುವ ಅಡುಗೆಯನ್ನು ಬಿಗುವಿನ ದಿನಗಳಲ್ಲಿ ಬಿಡಿ. ಗಂಜಿ, ಸಾರು, ಕುಕ್ಕರ್‌ನಲ್ಲಿ ಆಗುವಂಥದ್ದು ಸಾಕು.

ಮಮಾದ್ ಒಳಗೆ ಒಬ್ಬರಿಗೆ ದಿನಕ್ಕೆ 3 ಲೀಟರ್ ಲೆಕ್ಕದಲ್ಲಿ ಮೂರು ದಿನದ ನೀರು, ಬಿಸ್ಕತ್ತು, ಅಜ್ಜಿಗೆ ನುಂಗಲು ಆಗುವ ಮೆತ್ತನೆಯ ತಿಂಡಿ, ಮೂರು ದಿನದ ಮಾತ್ರೆ ಇಡಿ. ಸಕ್ಕರೆ ಕಾಯಿಲೆಯವರಿದ್ದರೆ ಸಕ್ಕರೆಯ ಪೊಟ್ಟಣ ಮರೆಯಬೇಡಿ. ಇನ್ಸುಲಿನ್ ಫ್ರಿಜ್‌ನಲ್ಲಿ ಎಲ್ಲಿದೆ ಎಂಬ ಚೀಟಿ ಮಮಾದ್ ಬಾಗಿಲ ಒಳಬದಿಗೆ ಅಂಟಿಸಿ. ನಿಮಗೇನಾದರೂ ಆದರೆ ಬೇರೆಯವರು ಅದನ್ನು ಓದಬೇಕು. ಹಾಗಾಗಿ ಹೀಬ್ರೂನಲ್ಲಿ ಮನೆಯವರಿಂದ ಬರೆಸಿ.

ಹಂತ 7: ಸದ್ದು ಕೇಳಿದಾಗ

ಇರಾನ್ ಕಡೆಯಿಂದ ಬರುವ ಕ್ಷಿಪಣಿಗೆ ಹಾರಲು ನಿಮಿಷಗಳು ಬೇಕು. 2025ರ ಜೂನ್‌ನಲ್ಲಿ ಇರಾನ್ ಜೊತೆ ಯುದ್ಧ ನಡೆದ ಹನ್ನೆರಡು ದಿನಗಳಲ್ಲಿ ಸೈರನ್‌ಗೆ ಮೊದಲೇ ಫೋನಿಗೆ ಮುನ್ನೆಚ್ಚರಿಕೆ ಬರುತ್ತಿತ್ತು. ಗಟ್ಟಿಮುಟ್ಟಾದವರು ಅದನ್ನು ಓದಿ ಸೈರನ್‌ಗಾಗಿ ಕಾಯುತ್ತಾರೆ. ನೀವು ಕಾಯಬೇಡಿ. ಆ ನಿಮಿಷಗಳು ನಮಗೇ ಸಿಕ್ಕ ಸಮಯ, ಅಜ್ಜಿಯನ್ನು ಆಗಲೇ ಒಳಗೆ ಕರೆದೊಯ್ಯಿರಿ. ಗಾಜಾ, ಲೆಬನಾನ್‌ಗಳಿಂದ ಬರುವ ರಾಕೆಟ್‌ಗೆ ಈ ಬಿಡುವು ಸಿಗುವುದಿಲ್ಲ.

"ಮಹೇರ್, ಮಹೇರ್" (ಬೇಗ, ಬೇಗ) ಎಂದು ಕೂಗಬೇಡಿ. ಮರೆವಿನ ಕಾಯಿಲೆಯವರು ಗಾಬರಿಗೆ ಮಂಚದ ಕಂಬಿ ಹಿಡಿದುಬಿಡುತ್ತಾರೆ, ಆಮೇಲೆ ಬೆರಳು ಬಿಡಿಸುವುದೇ ಕಷ್ಟ. ಇವರಲ್ಲಿ ಕೆಲವರು ಬಾಲ್ಯದಲ್ಲಿ ಯುರೋಪಿನ ಯಾತನಾ ಶಿಬಿರಗಳನ್ನು ಕಂಡು ಬದುಕಿ ಬಂದವರು. ಸೈರನ್ ಅವರಿಗೆ ಎಂಬತ್ತು ವರ್ಷ ಹಿಂದಿನದನ್ನು ಎಬ್ಬಿಸುತ್ತದೆ. ಮುಖದ ಎದುರು ಬಂದು, ಕೈ ಹಿಡಿದು, "ಬೋಯಿ ಇತಿ" (ನನ್ನ ಜೊತೆ ಬನ್ನಿ) ಎನ್ನಿ. ಅಜ್ಜನಾದರೆ "ಬೋ ಇತಿ". "ಅನಿ ಪೋ", ನಾನಿಲ್ಲಿದ್ದೇನೆ. ಇಷ್ಟು ಹೀಬ್ರೂ ಸಾಕು.

ಕ್ರಮ ಇದು: ಒಲೆ ಆರಿಸಿ, ಅಜ್ಜಿಯನ್ನು ಕರೆದೊಯ್ಯಿರಿ, ಕಿಟಕಿಯ ಉಕ್ಕಿನ ಹಲಗೆ ಎಳೆಯಿರಿ (ಬಿಗುವಿನ ದಿನಗಳಲ್ಲಿ ಅದನ್ನು ಮುಚ್ಚೇ ಇಡುವುದು ಮೇಲು), ಬಾಗಿಲು ಹಾಕಿ ಹಿಡಿಕೆ ತಿರುಗಿಸಿ, ವೀಲ್‌ಚೇರ್ ಬ್ರೇಕ್ ಹಾಕಿ. ಕಿಟಕಿಗೂ ಬಾಗಿಲಿಗೂ ನೇರ ಎದುರಾಗಿ ಕೂರಬೇಡಿ.

ಸಮಯ ಮೀರುತ್ತಿದೆ, ಮಧ್ಯದಾರಿಯಲ್ಲಿದ್ದೀರಿ ಎಂದಾದರೆ ಅಲ್ಲೇ ನಿಲ್ಲಿ. ಒಳಗೋಡೆಗೆ ಒರಗಿಸಿ ವೀಲ್‌ಚೇರ್ ನಿಲ್ಲಿಸಿ, ದಿಂಬೋ ಕಂಬಳಿಯೋ ಅಜ್ಜಿಯ ತಲೆಗೆ, ನೀವು ನೆಲಕ್ಕೆ ಬಗ್ಗಿ ಕೈಯಿಂದ ತಲೆ ಮುಚ್ಚಿಕೊಳ್ಳಿ.

ಸದ್ದು ನಿಂತದ್ದೇ ಹೊರಗೆ ಬರುವುದು ಎಲ್ಲರೂ ಮಾಡುವ ತಪ್ಪು. ಆಕಾಶದಲ್ಲಿ ಹೊಡೆದುರುಳಿಸಿದ ಕ್ಷಿಪಣಿಯ ಚೂರುಗಳು ಆಮೇಲೆಯೇ ಬೀಳುವುದು. 10 ನಿಮಿಷ ಕಾಯಿರಿ. ಹೊರಬರಬಹುದೆಂಬ ಸಂದೇಶಕ್ಕೆ ಕಾಯಬೇಕು ಎಂಬ ಸೂಚನೆ ಇದ್ದರೆ ಅದು ಬರುವವರೆಗೆ ಕಾಯಿರಿ. ಬೀದಿಯಲ್ಲಿ ಬಿದ್ದ ಲೋಹದ ತುಂಡನ್ನು ಮುಟ್ಟಬೇಡಿ, 100ಕ್ಕೆ ಫೋನ್ ಮಾಡಿ. ಬಿದ್ದ ಜಾಗದ ವಿಡಿಯೋ ಹಾಕಬೇಡಿ: ಇಲ್ಲಿ ಸೇನಾ ಸೆನ್ಸಾರ್ ಇದೆ, ವಿದೇಶಿಯರಾದ ನಮಗೆ ಅದರಿಂದ ದೊಡ್ಡ ತೊಂದರೆಯಾಗಬಹುದು.

ಹಂತ 8: "ನುಸುಳಿಕೆ" ಎಂಬ ಎಚ್ಚರಿಕೆ ಬೇರೆ

ನುಸುಳಿಕೆ ಎಂದರೆ ಶಸ್ತ್ರಧಾರಿಗಳು ಗಡಿ ದಾಟಿ ಊರೊಳಗೆ ಬಂದಿದ್ದಾರೆ ಎಂದರ್ಥ. ಮಮಾದ್ ಬಾಗಿಲು ಸ್ಫೋಟ ತಡೆಯಲು ಮಾಡಿದ್ದು. ಹೊರಗಿನಿಂದ ರಕ್ಷಣಾ ಸಿಬ್ಬಂದಿ ತೆರೆಯಲು ಆಗಬೇಕೆಂದು ಒಳಗಿನಿಂದ ಬೀಗ ಇರುವುದಿಲ್ಲ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಂದು ಗಾಜಾ ಪಕ್ಕದ ನಿರ್ ಓಝ್‌ನಲ್ಲಿ ಕೇರಳದ ಇಬ್ಬರು ಕೇರ್‌ಗಿವರ್‌ಗಳು ಗಂಟೆಗಟ್ಟಲೆ ಆ ಹಿಡಿಕೆಯನ್ನು ಹಿಡಿದೇ ನಿಂತು ವೃದ್ಧ ದಂಪತಿಯನ್ನು ಉಳಿಸಿದರು.

ಗಡಿಯ ಊರಲ್ಲಿ ಕೆಲಸವಾದರೆ ಹಿಡಿಕೆಗೆ ಅಡ್ಡ ಹಾಕುವ ಕೊಕ್ಕೆ ಹಾಕಿಸಿಕೊಡಲು ಮನೆಯವರನ್ನು ಕೇಳಿ. ನುಸುಳಿಕೆ ಎಚ್ಚರಿಕೆ ಬಂದರೆ ಹೊರಬಾಗಿಲಿಗೆ ಬೀಗ, ದೀಪ ಆರಿಸಿ, ಫೋನ್ ಸದ್ದಿಲ್ಲದಂತೆ ಮಾಡಿ, ಬಾಗಿಲು ಬಡಿದರೂ ಗುರುತು ಖಚಿತವಾಗದೆ ತೆರೆಯಬೇಡಿ.

ಹಂತ 9: ರಜೆ ದಿನ

ಇಡೀ ವಾರ ಒಂದೇ ಕೋಣೆಯಲ್ಲಿ ಇದ್ದವರಿಗೆ ರಜೆ ಬೇಕೇ ಬೇಕು. ಹೋಗಿ, ಆದರೆ ಹೋಗುವ ಊರಿನ ಸೆಕೆಂಡ್ ನೋಡಿಕೊಂಡು ಹೋಗಿ. ಬಸ್ಸಿನಲ್ಲಿದ್ದಾಗ ಸೈರನ್ ಆದರೆ ಚಾಲಕ ಹೇಳಿದಂತೆ ಮಾಡಿ. ಕಾರಿನಲ್ಲಿದ್ದರೆ ಇಳಿದು ಹತ್ತಿರದ ಕಟ್ಟಡದೊಳಗೆ. ಕಟ್ಟಡವಿಲ್ಲದಿದ್ದರೆ ಕಾರಿನಿಂದ ದೂರ ಸರಿದು ಬೋರಲು ಮಲಗಿ ಕೈಗಳಿಂದ ತಲೆ ಮುಚ್ಚಿಕೊಳ್ಳಿ. ಟೆಲ್ ಅವೀವ್‌ನಲ್ಲಿ ಲೈಟ್ ರೈಲಿನ ನೆಲದಡಿಯ ನಿಲ್ದಾಣಗಳಿಗೆ ಇಳಿಯಬಹುದು. ಪ್ರಾರ್ಥನೆಗೋ ಹುಟ್ಟುಹಬ್ಬಕ್ಕೋ ಹತ್ತು ಜನ ಸೇರುವ ಬಾಡಿಗೆ ಕೋಣೆಯಾದರೆ ಮಿಕ್ಲಾತ್ ಎಲ್ಲಿ ಎಂದು ಕೇಳಿಕೊಂಡೇ ಚಪ್ಪಲಿ ಬಿಡಿ.

ಹಂತ 10: ಕಾಗದಪತ್ರ, ಮತ್ತು ಹೊರಡುವ ತೀರ್ಮಾನ

ಪಾಸ್‌ಪೋರ್ಟ್, ವೀಸಾ ಪುಟ, ಕೆಲಸದ ಒಪ್ಪಂದ, ವಿಮೆ ಕಾರ್ಡ್, ಸಂಬಳದ ಚೀಟಿಗಳು ಒಂದೇ ಚೀಲದಲ್ಲಿ, ಜೊತೆಗೆ ಒಂದಿಷ್ಟು ನಗದು ಶೆಕೆಲ್. ಎಲ್ಲದರ ಫೋಟೋ ನಿಮ್ಮ ಇಮೇಲ್‌ನಲ್ಲಿ ಮತ್ತು ಊರಿನಲ್ಲಿ ಒಬ್ಬರ ಬಳಿ. ಪಾಸ್‌ಪೋರ್ಟ್ ಯಾರ ಕೈಗೂ "ಭದ್ರವಾಗಿರಲಿ" ಎಂದು ಕೊಡಬೇಡಿ. ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಿ. ಭಾರತ ಸರ್ಕಾರ ತನ್ನವರನ್ನು ವಾಪಸ್ ಕರೆತಂದ 2023ರ ಅಕ್ಟೋಬರ್‌ನ ಆಪರೇಷನ್ ಅಜಯ್, 2025ರ ಜೂನ್‌ನ ಆಪರೇಷನ್ ಸಿಂಧು, ಎರಡರಲ್ಲೂ ಹೊರಡಲು ನೋಂದಣಿ ಬೇಕಿತ್ತು. ಎರಡನೆಯ ಸಲ ವಿಮಾನ ನಿಲ್ದಾಣ ಮುಚ್ಚಿದ್ದರಿಂದ ಜನ ರಸ್ತೆಯ ಮೇಲೆ ಜೋರ್ಡಾನ್, ಈಜಿಪ್ಟ್ ಗಡಿ ದಾಟಿದರು. ಹೊತ್ತು ನಡೆಯುವಷ್ಟೇ ಸಾಮಾನು ಕಟ್ಟಿ.

ಹೊರಡುವ ಮೊದಲು ಮರುಪ್ರವೇಶದ ವೀಸಾ ಇದೆಯೇ ನೋಡಿ. ಅದಿಲ್ಲದೆ ಹೊರಟರೆ ವಾಪಸ್ ಬರುವುದು ಕಷ್ಟ, ಏಜೆಂಟ್‌ಗೆ ಸುರಿದ ಸಾಲ ಮಾತ್ರ ಉಳಿಯುತ್ತದೆ. ಆದರೆ ಸಾಲದ ಲೆಕ್ಕ ಒಂದನ್ನೇ ಹಾಕಿ ಕೂರಬೇಡಿ. ರಾತ್ರಿ ನಿದ್ದೆ ಬಾರದು, ಬಾಗಿಲು ಬಡಿದ ಸದ್ದಿಗೆ ಕೈ ನಡುಗುತ್ತದೆ, ಮಾತ್ರೆ ಕೊಡುವುದು ಎರಡೆರಡು ಸಲ ತಪ್ಪುತ್ತಿದೆ ಎಂದಾದರೆ ಇನ್ನು ತಡೆದುಕೊಳ್ಳುವ ಶಕ್ತಿ ನಿಮ್ಮಲ್ಲಿ ಉಳಿದಿಲ್ಲ. 1201ಕ್ಕೆ ಕರೆ ಮಾಡಿದರೆ ಮನಸ್ಸಿನ ನೋವು ಕೇಳಿಸಿಕೊಳ್ಳುವವರಿದ್ದಾರೆ. ಕಾನೂನುಬದ್ಧವಾಗಿ ಬಂದವರು ದಾಳಿಯಲ್ಲಿ ಗಾಯಗೊಂಡರೆ ಬಿತುಆಖ್ ಲೆಊಮಿಯಲ್ಲಿ (ಇಲ್ಲಿನ ರಾಷ್ಟ್ರೀಯ ವಿಮಾ ಸಂಸ್ಥೆ) ಪರಿಹಾರ ಕೇಳುವ ಹಕ್ಕಿದೆ, ಆಸ್ಪತ್ರೆಯ ಒಂದು ಚೀಟಿಯನ್ನೂ ಎಸೆಯಬೇಡಿ.

ಹಂತ 11: ಊರಿಗೆ ಸುದ್ದಿ

ಚಳಿಗಾಲದಲ್ಲಿ ನಮ್ಮೂರಿನ ಗಡಿಯಾರ ಇಲ್ಲಿಗಿಂತ ಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಎರಡೂವರೆ. ಇಲ್ಲಿ ನಡುರಾತ್ರಿಯ ಸೈರನ್ ಆದರೆ ಅಲ್ಲಿ ಅಮ್ಮ ಏಳುವ ಹೊತ್ತಿಗೆ ಟಿವಿಯಲ್ಲಿ ಬೆಂಕಿಯ ಚಿತ್ರ ಓಡುತ್ತಿರುತ್ತದೆ. ಆದ್ದರಿಂದ ಒಂದು ಒಪ್ಪಂದ ಮಾಡಿಕೊಳ್ಳಿ: ಬಾಗಿಲು ಹಾಕಿದ ಮೇಲೆ ಒಬ್ಬರಿಗೆ ಮಾತ್ರ "ಒಳಗಿದ್ದೇನೆ", ಹೊರಬಂದ ಮೇಲೆ "ಹೊರಗೆ ಬಂದೆ". ಉಳಿದವರಿಗೆ ಆ ಒಬ್ಬರೇ ತಿಳಿಸಲಿ. ಸೈರನ್ ನಡುವೆ ಕರೆ ಮಾಡಬೇಡಿ ಎಂದು ಮನೆಯವರಿಗೆ ಬಿಡಿಸಿ ಹೇಳಿ. ವಿಡಿಯೋ ಕಾಲ್ ಮಾಡುವುದಿದ್ದರೆ ಮಮಾದ್ ಒಳಗೆ ಕುಳಿತೇ ಮಾಡಿ.

ಹಂತ 12: ಹೊರಬಂದ ಮೇಲೆ, ಮಲಗುವ ಮೊದಲು

ಅಜ್ಜಿಗೆ ನೀರು ಕುಡಿಸಿ, ಡಯಾಪರ್ ನೋಡಿ, ಮೈಮೇಲೆ ತರಚಿದೆಯೇ ನೋಡಿ. ಭಯದಲ್ಲಿ ನೋವು ಹೇಳುವುದಿಲ್ಲ, ಮರುದಿನ ಊತ ಕಾಣುತ್ತದೆ. ಆಮೇಲೆ ಕೋಣೆ ಮೊದಲಿನಂತೆ ಮಾಡಿ. ಎರಡನೆಯ ಸೈರನ್ ಅರ್ಧ ಗಂಟೆಯಲ್ಲೇ ಬರಬಹುದು. ಬಾಟಲಿಗೆ ನೀರು ತುಂಬಿಸಿ, ಫೋನ್ ಚಾರ್ಜ್‌ಗೆ ಹಾಕಿ, ವೀಲ್‌ಚೇರನ್ನು ಮಂಚಕ್ಕೆ ತಾಗಿಸಿ ಬ್ರೇಕ್ ಹಾಕಿ ನಿಲ್ಲಿಸಿ, ಇಬ್ಬರ ಚಪ್ಪಲಿಯನ್ನೂ ಕಾಲಿಟ್ಟರೆ ಸಿಗುವಂತೆ ಬಾಗಿಲ ಕಡೆ ಮುಖಮಾಡಿ ಇಡಿ.